ಬದುವಿನ ಕತ್ತಾಳೆಗಿಂತ ಮೊದಲು ಹೋಂಸ್ಟೇ

ನಮಸ್ಕಾರ ಸರ್. ಮುಳಬಾಗಿಲಿನ ಹತ್ತಿರ ಎರಡು ಎಕರೆ ಇದೆ, ಬದುವಿನ ತುಂಬ ಕತ್ತಾಳೆ ಇದೆ, ಅದರಿಂದ ಮೆಕ್ಸಿಕೊದ ಟಕೀಲಾ ಥರದ ಮದ್ಯ ಮಾಡಿ ಹೋಂಸ್ಟೇಯಲ್ಲಿ ಮಾರಬಹುದಾ ಅಂತ ಕೇಳಿದ್ದೀರಿ.

ಆಸೆ ಒಳ್ಳೆಯದೇ. ಸಾಫ್ಟ್‌ವೇರ್ ಕ್ಷೇತ್ರದಿಂದ ಬಂದ ಡೆಸ್ಮಂಡ್ ನಜರೆತ್ ನಿಮ್ಮ ಪಕ್ಕದ ಚಿತ್ತೂರು ಜಿಲ್ಲೆಯಲ್ಲೇ ಭಟ್ಟಿ ಕಟ್ಟಿದರು. ದಖ್ಖನ್ ನೆಲದ ಕತ್ತಾಳೆಯಿಂದ ಇಳಿಸಿದ ಅವರ 'ಡೆಸ್ಮಂಡ್‌ಜಿ' 2011ರಲ್ಲಿ ಮಾರುಕಟ್ಟೆಗೆ ಬಂತು. ಆಮೇಲೆ ಮಹುವಾಕ್ಕೂ ಕೈ ಹಾಕಿದರು. ಮಹುವಾ ಅಂದರೆ ನಮ್ಮ ಹಿಪ್ಪೆ ಹೂವೇ ಅಲ್ವಾ! ಟಕೀಲಾ ಅನ್ನುವ ಹೆಸರು ಮಾತ್ರ ಮೆಕ್ಸಿಕೊದ್ದು, ಇಲ್ಲಿ ಬಳಸುವ ಹಾಗಿಲ್ಲ.

ಆದರೆ ಲೆಕ್ಕ ನೋಡಿ. ಗಿಡ ಬಲಿಯುವುದಕ್ಕೇ ಎಂಟು ಹತ್ತು ವರ್ಷ ಬೇಕು. ಹೂವಿನ ಕಂಬ ಏಳುವ ಮುಂಚೆಯೇ ಕಡಿದು, ಎಲೆ ಸವರಿ, ನಡುವಿನ ದಿಂಡನ್ನು ಬೇಯಿಸಬೇಕು. ಬೆಂದರೇ ಅದರೊಳಗಿನ ಇನುಲಿನ್ ಅನ್ನುವ ಹಿಟ್ಟಿನಂಥ ಅಂಶ ಸಕ್ಕರೆಯಾಗುವುದು. ಆಮೇಲೆ ಹುಳಿ ಬರಿಸಿ ಭಟ್ಟಿ ಇಳಿಸುವುದು. ಕಡಿದ ಗಿಡ ಮತ್ತೆ ಬರುವುದಿಲ್ಲ, ಮರಿ ನೆಟ್ಟು ಮತ್ತೆ ಕಾಯಬೇಕು. ಬದುವಿನ ಸಾಲು ಎಷ್ಟು ದಿನ ಬಂದೀತು?

ಇನ್ನೊಂದು ಮಾತು, ದಯವಿಟ್ಟು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಲೈಸೆನ್ಸ್ ಇಲ್ಲದೆ ಒಂದು ಲೀಟರ್ ಇಳಿಸಿದರೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಅತಿಥಿಗಳಿಗೆ ಮಾರುವುದಕ್ಕೂ ಲೈಸೆನ್ಸ್ ಬೇಕು.

ನನ್ನ ಮಾತು ಕೇಳುವುದಾದರೆ ಮೊದಲು ಎರಡು ರೂಮಿನ ಹೋಂಸ್ಟೇ ಮಾಡಿ. ಆವನಿ ಬೆಟ್ಟ, ಕುರುಡುಮಲೆ ಗಣಪತಿ ಎರಡೂ ಹತ್ತಿರವೇ ಇವೆ. ಅಂತರಗಂಗೆ ಕಡೆ ನನ್ನದೂ ಒಂದು ಸಣ್ಣ ಹೋಂಸ್ಟೇ ಇದೆ. ಬೆಂಗಳೂರಿನಿಂದ ಬಂದವರು ನಾರ್ತ್ ಇಂಡಿಯನ್ ಊಟ ಬಿಟ್ಟು ಮುದ್ದೆ, ಬಸ್ಸಾರನ್ನೇ ಕೇಳುತ್ತಾರೆ. ಅವರೆಕಾಯಿ ಕಾಲದಲ್ಲಂತೂ ಹಿತಕಿದ ಬೇಳೆ ಸಾರಿಗೇ ಬರುತ್ತಾರೆ. ಕತ್ತಾಳೆ ಬದುವಿನಲ್ಲೇ ಇರಲಿ, ಮರಿ ಕಿತ್ತು ಈಗಲೇ ಇನ್ನೊಂದು ಸಾಲು ನೆಡಿ.