ದೊಡ್ಡಮ್ಮನ ವರ್ಷದ ಪೂಜೆಯಲ್ಲಿ ಏನು ಮಾತಾಡಲಿ?

ಪ್ರಶ್ನೆ: ಅಕ್ಕ, ನಾವು ಕೆಜಿಎಫ್‌ನಲ್ಲಿ ಬೆಳೆದವರು. ಪಕ್ಕದ ಲೈನ್ ಮನೆಯಲ್ಲಿ ಒಬ್ಬರು ಕ್ಯಾಥೋಲಿಕ್ ದೊಡ್ಡಮ್ಮ ಇದ್ದರು. ರಕ್ತಸಂಬಂಧ ಏನೂ ಇಲ್ಲ, ಆದರೂ ಇಡೀ ಲೈನಿಗೆ ದೊಡ್ಡಮ್ಮನೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಜಪಮಾಲೆ ಹಿಡಿಯುತ್ತಿದ್ದರು. ಅನ್ನಕ್ಕೆ ಇಡುವಾಗ ಮನೆಯವರ ಲೆಕ್ಕದ ಮೇಲೆ ಒಂದು ಪಾವು ಅಕ್ಕಿ ಜಾಸ್ತಿ ಹಾಕುತ್ತಿದ್ದರು, "ಯಾರಾದ್ರೂ ಬಂದ್ರೆ?" ಅಂತ. ಯಾರಾದರೂ ಬಂದೇ ಬರುತ್ತಿದ್ದರು. 2001ರ ಫೆಬ್ರುವರಿ ಕೊನೆಗೆ ಗಣಿ ಮುಚ್ಚಿ ಅಪ್ಪನ ಕೆಲಸ ಹೋಯಿತು. ಆಮೇಲೆ ಅಪ್ಪ ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುತ್ತಿದ್ದಾಗ ಎಷ್ಟೋ ದಿನ ಅವರ ಡಬ್ಬಿ ತುಂಬಿದ್ದು ದೊಡ್ಡಮ್ಮನ ಒಲೆಯಿಂದಲೇ. ನಮ್ಮ ಅಜ್ಜಿ ಮಾತ್ರ ಮಡಿ, ಆ ಮನೆಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ದೊಡ್ಡಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಅಜ್ಜಿ ಹೋದಾಗಲೆಲ್ಲ ಬಾಳೆಹಣ್ಣು ಕೊಡುತ್ತಿದ್ದರು, ಹಣ್ಣಾದರೆ ತಿನ್ನುತ್ತಾರೆ ಅಂತ. ಹೀಗೆ ಎಂಟೊಂಬತ್ತು ವರ್ಷ. ಒಂದು ದಿನ ಅಜ್ಜಿಯೇ "ಒಂದು ಲೋಟ ಕಾಫಿ ಕೊಡಮ್ಮ" ಅಂದರು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಮುಂದಿನ ತಿಂಗಳು ಚರ್ಚಿನಲ್ಲಿ ವರ್ಷದ ಪೂಜೆ. ನಾಲ್ಕು ಮಾತಾಡು ಅಂತ ಅವರ ಮಗಳು ಹೇಳಿದ್ದಾರೆ. "ಜಾತಿ ಧರ್ಮ ಎಲ್ಲ ಮೀರಿದ ದೇವತೆ" ಅಂತ ಬರೆದು ಶುರು ಮಾಡಿದ್ದೇನೆ. ಸರಿನಾ? ನಾವು ಹಿಂದೂಗಳು, ಪೂಜೆಯಲ್ಲಿ ಕೂರಬಹುದಾ? ನಮ್ಮ ಮನೆಯಿಂದಲೂ ಅವರ ಹೆಸರಲ್ಲಿ ಒಂದು ಪೂಜೆ ಮಾಡಿಸಬಹುದಾ? ಅಜ್ಜಿ ತಾನೂ ಬರ್ತೀನಿ ಅಂತಿದ್ದಾರೆ, ಅವರಿಗೆ ಮಂಡಿ ನೋವು ಬೇರೆ.
— ಓದುಗರೊಬ್ಬರು, ಕೋಲಾರ

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಆ ಬಾಳೆಹಣ್ಣಿನ ವಿಷಯ ಬಂದ ಕಡೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮೊದಲ ಸಾಲು ತೆಗೆದುಬಿಡಿ. ನೀವು ಪ್ರೀತಿಯಿಂದಲೇ ಬರೆದಿದ್ದೀರಿ, ಗೊತ್ತು. ಆದರೆ ದೊಡ್ಡಮ್ಮ ತಮ್ಮ ಧರ್ಮ ಮೀರಿ ನಿಮ್ಮಪ್ಪನ ಡಬ್ಬಿ ತುಂಬಲಿಲ್ಲ. ಅವರ ಧರ್ಮ ಹೇಳಿದ್ದಕ್ಕೇ ತುಂಬಿದರು. ನಾನು ತುಮಕೂರಿನವಳು. ಸಿದ್ಧಗಂಗೆಗೆ ಯಾರೇ ಹೋಗಲಿ, ಊಟ ಮಾಡದೆ ವಾಪಸ್ ಬರುವ ಹಾಗಿಲ್ಲ. ಶಿವಕುಮಾರ ಸ್ವಾಮೀಜಿ 111 ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ಅವರ ಇಷ್ಟಲಿಂಗ ಪೂಜೆಗೂ ಮಠದ ದಾಸೋಹಕ್ಕೂ ಸಂಬಂಧವೇ ಇಲ್ಲ ಅಂದರೆ ನಮ್ಮೂರಲ್ಲಿ ಯಾರಾದರೂ ಒಪ್ಪುತ್ತಾರಾ? ದೊಡ್ಡಮ್ಮನ ವಿಷಯವೂ ಹಾಗೇ. ಬೆಳಿಗ್ಗೆ ನಾಲ್ಕರ ಜಪಮಾಲೆಯನ್ನೂ ಆ ಒಂದು ಪಾವು ಅಕ್ಕಿಯನ್ನೂ ಬೇರೆ ಬೇರೆ ಮಾಡಬೇಡಿ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಕೊನೆಯ ತೀರ್ಪಿನ ಮಾತು ಹೇಳುತ್ತಾರೆ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಗುರುತಿಲ್ಲದವರಿಗೆ ಜಾಗ ಕೊಟ್ಟಿದ್ದರೆ ಅದು ನನಗೇ ಕೊಟ್ಟ ಹಾಗೆ ಅಂತ. ಕ್ಯಾಥೋಲಿಕರು ಇದನ್ನೇ ಹಿಡಿದು ಏಳು ಕರುಣೆಯ ಕೆಲಸಗಳು ಅಂತ ಮಕ್ಕಳಿಗೆ ಕಲಿಸುತ್ತಾರೆ, ಅದರಲ್ಲಿ ಮೊದಲನೆಯದೇ ಹಸಿದವರಿಗೆ ಊಟ ಹಾಕುವುದು. ಇನ್ನೊಂದು ಹೇಳುತ್ತೇನೆ, ನಿಮಗೆ ಇಷ್ಟವಾಗಬಹುದು. ಒಂದು ಸುತ್ತು ಜಪಮಾಲೆ ಅಂದರೆ ಐದು ರಹಸ್ಯ (ಯೇಸು, ಮರಿಯಮ್ಮನ ಬದುಕಿನ ಘಟನೆಗಳಿಗೆ ಹಾಗೆ ಹೆಸರು), ಒಂದೊಂದಕ್ಕೂ ಹತ್ತು ಸಲ "ನಮೋ ಮರಿಯಾ". ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳನ್ನು ಧ್ಯಾನಿಸುತ್ತಾರೆ. ಅದರಲ್ಲಿ ಎರಡನೆಯದು ಮರಿಯಮ್ಮ ತಾನೇ ಗರ್ಭಿಣಿಯಾಗಿದ್ದೂ ಬೆಟ್ಟದ ಸೀಮೆಗೆ ಹೋಗಿ, ವಯಸ್ಸಾದ ಮೇಲೆ ಬಸುರಾಗಿದ್ದ ನೆಂಟರಾಕೆ ಎಲಿಜಬೇತಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದ ಕಥೆ. ವಾರಕ್ಕೆ ಎರಡು ಸಲ, ವರ್ಷಗಟ್ಟಲೆ, ಕತ್ತಲಲ್ಲಿ ಕೂತು ಒಬ್ಬರ ಮನೆಗೆ ಇನ್ನೊಬ್ಬರು ಹೋದ ಆ ಕಥೆಯನ್ನು ಮಣಿ ಎಣಿಸುತ್ತಾ ನೆನೆದ ಹೆಂಗಸು ಎದ್ದು ಒಲೆ ಹಚ್ಚಿದಾಗ ಒಂದು ಪಾವು ಜಾಸ್ತಿ ಹಾಕದೆ ಇರುತ್ತಾರಾ?

"ದೇವತೆ" ಅನ್ನುವುದನ್ನೂ ಬಿಡಿ. ಸತ್ತವರಿಗೆ ನಮ್ಮ ಪ್ರಾರ್ಥನೆ ಬೇಕು ಅಂತ ಕ್ಯಾಥೋಲಿಕರು ನಂಬುತ್ತಾರೆ. ಎಷ್ಟೇ ಒಳ್ಳೆಯವರಾದರೂ ದೇವರ ಮುಂದೆ ನಿಲ್ಲುವ ಮೊದಲು ಶುದ್ಧರಾಗಬೇಕು, ಬದುಕಿರುವವರ ಪ್ರಾರ್ಥನೆ ಅದಕ್ಕೆ ಆಸರೆ ಅಂತ. ಪಾಪನಿವೇದನೆಗೆ ಸಾಲಲ್ಲಿ ನಿಂತು ಬೆಳೆದ ಹೆಂಗಸನ್ನು ನಾವೇ ದೇವತೆ ಮಾಡಿ ಕೂರಿಸಿದರೆ, ಅವರಿಗೆ ಬೇಕಾದ ಪ್ರಾರ್ಥನೆ ಯಾರು ಮಾಡಬೇಕು? ಮಣ್ಣು ಮಾಡುವ ದಿನದ ಪೂಜೆಯಲ್ಲಿ ಚರ್ಚಿನ ಗುರುಗಳು ಪ್ರವಚನದ ಬದಲು ಸತ್ತವರ ಗುಣಗಾನ ಮಾಡಬಾರದು ಅಂತ ಕ್ಯಾಥೋಲಿಕ್ ಸಭೆಯ ನಿಯಮವೇ ಇದೆ. ವರ್ಷದ ಪೂಜೆಯಲ್ಲಿ ಮನೆಯವರು ಮಾತಾಡುವುದಾದರೆ ಸಾಮಾನ್ಯವಾಗಿ ಕೊನೆಯ ಆಶೀರ್ವಾದಕ್ಕೆ ಮುಂಚೆ ಅವಕಾಶ ಕೊಡುತ್ತಾರೆ, ಮಗಳ ಮೂಲಕ ಗುರುಗಳನ್ನು ಮೊದಲೇ ಕೇಳಿಸಿ. ಮೂರು ನಿಮಿಷ ಸಾಕು. ಅಕ್ಕಿ, ಡಬ್ಬಿ, ಬಾಳೆಹಣ್ಣು, ಕಾಫಿ. ನನಗೆ ಬರೆದ ಹಾಗೇ ಹೇಳಿ, ಒಂದು ಅಕ್ಷರವೂ ಬದಲಾಯಿಸಬೇಡಿ. ಕೊನೆಗೆ "ಅವರಿಗಾಗಿ ಎಲ್ಲರೂ ಪ್ರಾರ್ಥನೆ ಮಾಡಿ" ಅಂತ ಕೇಳಿಕೊಳ್ಳಿ. ಆ ಮಾತು ಮರೆಯಬೇಡಿ.

ಪೂಜೆಯಲ್ಲಿ ಧಾರಾಳವಾಗಿ ಕೂರಬಹುದು. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಪರಮಪ್ರಸಾದಕ್ಕೆ ಸಾಲು ಹೊರಟಾಗ ಮಾತ್ರ ನಿಮ್ಮ ಜಾಗದಲ್ಲೇ ಇರಿ. ಯಾರೂ ತಪ್ಪು ತಿಳಿಯಲ್ಲ. ನಮ್ಮ ದೇವಸ್ಥಾನದ ಪ್ರಸಾದದ ಹಾಗೆ ಅದು ಬಂದವರಿಗೆಲ್ಲ ಹಂಚುವಂಥದ್ದಲ್ಲ. ಅದು ಯೇಸುವಿನ ಶರೀರವೇ ಅಂತ ನಂಬಿ, ಸಿದ್ಧರಾಗಿ ಬಂದ ಕ್ಯಾಥೋಲಿಕರು ತೆಗೆದುಕೊಳ್ಳುವಂಥದ್ದು. ಪೂಜೆ ಆದ ಮೇಲೆ ಸಮಾಧಿ ಹತ್ತಿರ ಹೋಗುತ್ತಾರೆ, ಹೂವು ಮತ್ತು ಮೇಣದಬತ್ತಿ ತೆಗೆದುಕೊಂಡು ಹೋಗಿ.

ನಿಮ್ಮ ಮನೆಯಿಂದ ಪೂಜೆ ಮಾಡಿಸುವುದಕ್ಕೂ ಅಡ್ಡಿ ಇಲ್ಲ. ಬದುಕಿರುವವರು, ಸತ್ತವರು ಯಾರಿಗಾಗಿ ಬೇಕಾದರೂ ಗುರುಗಳು ಪೂಜೆ ಅರ್ಪಿಸಬಹುದು. ಚರ್ಚಿನ ಆಫೀಸಿಗೆ ಹೋಗಿ ದೊಡ್ಡಮ್ಮನ ಹೆಸರು, ಬೇಕಾದ ದಿನ ಹೇಳಿ, ಬರೆದುಕೊಳ್ಳುತ್ತಾರೆ. ಒಂದು ಸಣ್ಣ ಕಾಣಿಕೆ ಕೊಡುವ ರೂಢಿ ಇದೆ, ಇಲ್ಲದವರಿಗೆ ಕಾಣಿಕೆ ಇಲ್ಲದೆಯೂ ಮಾಡಬೇಕು ಅಂತಲೇ ಗುರುಗಳಿಗೆ ಸಭೆ ಹೇಳುತ್ತದೆ. ದಿನ ಯಾವುದು ಅಂತ ನನ್ನನ್ನು ಕೇಳಿದರೆ ಎರಡು ಹೇಳುತ್ತೇನೆ. ನವೆಂಬರ್ 2, ಅಂದು ಸತ್ತವರಿಗೆಲ್ಲ ಪ್ರಾರ್ಥನೆ, ಸಮಾಧಿಗಳ ತುಂಬಾ ದೀಪ. ಇಲ್ಲದಿದ್ದರೆ ಜುಲೈ 29, ಯೇಸುವನ್ನು ಮನೆಗೆ ಕರೆದು ಉಪಚರಿಸಿದ ಮಾರ್ತಮ್ಮನ ಹಬ್ಬ. 2021ರಿಂದ ಆಕೆಯ ಜೊತೆ ತಂಗಿ ಮರಿಯ ಮತ್ತು ತಮ್ಮ ಲಾಜರನನ್ನೂ ಅದೇ ದಿನ ಸ್ಮರಿಸುತ್ತಾರೆ. ಮಾರ್ತ ಅಡುಗೆಮನೆಯಲ್ಲಿ ಓಡಾಡಿದಳು, ಮರಿಯ ಯೇಸುವಿನ ಕಾಲ ಬಳಿ ಕೂತು ಕೇಳಿದಳು. ನಿಮ್ಮ ದೊಡ್ಡಮ್ಮ ನಾಲ್ಕಕ್ಕೆ ಎದ್ದಿದ್ದರಿಂದ ಎರಡಕ್ಕೂ ಹೊತ್ತು ಸಿಕ್ಕಿತು.

ಅಜ್ಜಿಯನ್ನು ಖಂಡಿತ ಕರೆದುಕೊಂಡು ಹೋಗಿ. ಮೊಣಕಾಲೂರಬೇಕಾದ ಹೊತ್ತಿನಲ್ಲಿ ಅವರು ಕೂತೇ ಇರಲಿ, ವಯಸ್ಸಾದವರು ಎಲ್ಲ ಕಡೆ ಹಾಗೇ ಮಾಡುತ್ತಾರೆ. ಮೆಟ್ಟಿಲಿದ್ದರೆ ಇಬ್ಬರು ಎರಡು ಕಡೆ ಕೈ ಹಿಡಿಯಿರಿ. ಆಮೇಲೆ ಮಗಳ ಮನೆಯಲ್ಲಿ ಊಟ ಇರುತ್ತದಲ್ವಾ, ಹೋಗುವಾಗ ಒಂದು ಚಿಪ್ಪು ಬಾಳೆಹಣ್ಣು ಅಜ್ಜಿಯ ಕೈಯಲ್ಲೇ ಕೊಡಿಸಿ. ಅಲ್ಲಿ ಕಾಫಿ ಕೊಟ್ಟರೆ ಬೇಡ ಅನ್ನಬೇಡಿ.