ಆ ಪಿಕಪ್ ಬಾಗಿಲ ಮೇಲಿದ್ದ ಮುದ್ರೆ ಯಾರದ್ದು?

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೆ?

ನೀನು ಕೇಳಿದ್ದು ಇಷ್ಟು. ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ನಾಲ್ಕು ತಿಂಗಳಾಯಿತು. ಐದು ವಾರದ ಹಿಂದೆ ಎಲ್ ಕಮಿನೊ ರಸ್ತೆಯ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಬಿಳಿ ಪಿಕಪ್ ಬಂದು ಗುದ್ದಿತು. ಕಾರು ಓಡಿಸುತ್ತಿದ್ದವರು ನಿನ್ನ ಗಂಡ. ಮೂರನೇ ದಿನದಿಂದ ನಿನ್ನ ಕುತ್ತಿಗೆ ಹಿಡಿದುಕೊಂಡಿದೆ. ಆ ಕಡೆಯ ಅಡ್ಜಸ್ಟರ್, ಅಂದರೆ ಇನ್ಶೂರೆನ್ಸ್ ಕಂಪನಿಯ ಪರವಾಗಿ ಪರಿಹಾರ ಲೆಕ್ಕ ಹಾಕುವವನು, ದಿನಾ ಫೋನ್ ಮಾಡಿ, 1,800 ಡಾಲರ್ ಕೊಡ್ತೀವಿ, ಸಹಿ ಹಾಕಿ ಅನ್ನುತ್ತಿದ್ದಾನೆ. ಗೆಳೆಯರು "ಕೇಸು ಹಾಕೋಕೆ ಎರಡು ವರ್ಷ ಟೈಮಿದೆ, ಆರಾಮಾಗಿರಿ" ಅಂದಿದ್ದಾರೆ. ಊರಿನಿಂದ ನಿಮ್ಮ ಮಾವ "ಇಂಥ ಕೇಸಿಗೆ ಗಡುವೇ ಇಲ್ಲ" ಅಂದರಂತೆ. ಕೇಸು ಹಾಕಬೇಕಾ? ಹಾಕಿದರೆ ಎಚ್-1ಬಿ ಕೆಲಸದ ವೀಸಾಕ್ಕೆ ತೊಂದರೆಯಾ?

ಗೆಳೆಯರು ಹೇಳಿದ್ದು ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೈಗೆ ಪೆಟ್ಟಾಗಿದ್ದರೆ ಅಪಘಾತವಾದ ದಿನದಿಂದ 2 ವರ್ಷ, ಕಾರಿಗೆ ಆದ ನಷ್ಟಕ್ಕೆ 3 ವರ್ಷ. ಅಷ್ಟರೊಳಗೆ ಕೋರ್ಟಿನಲ್ಲಿ ಕೇಸು ದಾಖಲಾಗಿರಬೇಕು. ಆದರೆ ನಿನ್ನ ಪತ್ರದಲ್ಲಿ ನೀನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದ ಒಂದು ಸಾಲಿದೆ. "ಪಿಕಪ್ ಬಾಗಿಲ ಮೇಲೆ ಏನೋ ಗುಂಡಗಿನ ಮುದ್ರೆ ಇತ್ತು." ಅದನ್ನು ಓದಿ ನಾನು ಕಾಫಿ ಲೋಟ ಕೆಳಗಿಟ್ಟೆ.

ಅದು ಸಿಟಿ ಆಡಳಿತದ್ದೋ, ಕೌಂಟಿಯದ್ದೋ (ನಮ್ಮ ಜಿಲ್ಲೆಯ ಹಾಗೆ), ಶಾಲಾ ಜಿಲ್ಲೆಯದ್ದೋ ಗಾಡಿಯಾಗಿದ್ದರೆ ನಿನ್ನ ಹತ್ತಿರ ಎರಡು ವರ್ಷ ಇಲ್ಲ. ಮೊದಲು ಅವರಿಗೇ ಲಿಖಿತ ಕ್ಲೇಮ್ ಕೊಡಬೇಕು, ಅದಕ್ಕೆ 6 ತಿಂಗಳಿದೆ, ಅದರಲ್ಲಿ ಐದು ವಾರ ಆಗಲೇ ಹೋಗಿದೆ.

ನಾನು ವಕೀಲೆ ಅಲ್ಲ, ಕೈ ಸುಟ್ಟುಕೊಂಡವಳು. 2014ರಲ್ಲಿ ನಮ್ಮ ಅತ್ತೆ ಅರಸೀಕೆರೆಯಿಂದ ಬಂದಿದ್ದರು. ಇಂಡಿಯನ್ ಅಂಗಡಿಯ ಪಾರ್ಕಿಂಗ್‌ನಲ್ಲಿ ನಾನು ಕಾರಿನ ಡಿಕ್ಕಿ ತೆಗೆದು ಅಕ್ಕಿ ಮೂಟೆ ಇಡುತ್ತಿದ್ದೆ. ಅವರು ಖಾಲಿ ಕಾರ್ಟ್ ವಾಪಸ್ ಇಡಲು ಹೋದರು. ಸಿಟಿಯ ಉದ್ಯಾನ ಇಲಾಖೆಯ ಪಿಕಪ್ ಒಂದು ರಿವರ್ಸ್ ಬಂದು ಕಾರ್ಟಿಗೆ ತಾಗಿತು, ಇವರು ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಡ್ರೈವರ್ ತುಂಬಾ ಒಳ್ಳೆಯವನು, ಸಾರಿ ಸಾರಿ ಅಂತ ನೀರು ತಂದುಕೊಟ್ಟ. ಅತ್ತೆ ಅಷ್ಟು ನೋವಿನಲ್ಲೂ "ಪರವಾಗಿಲ್ಲ ಬಿಡಪ್ಪಾ" ಅಂದರು, ಕನ್ನಡದಲ್ಲೇ. ಆಮೇಲೆ ಮನೆಗೆ ಬಂದು, ನಮ್ಮೂರಲ್ಲಾಗಿದ್ದರೆ ಜನ ಸೇರಿ ಅಲ್ಲೇ ಪಂಚಾಯ್ತಿ ಮುಗಿಸಿರೋರು ಅಂತ ನನಗೆ ಬೈದರು.

ಸಿಟಿ ಆಫೀಸಿನ ಹೆಂಗಸು ಫೋನಿನಲ್ಲಿ ಸಕ್ಕರೆಯಂಥ ಮಾತು. "ಚಿಕಿತ್ಸೆ ಮುಗಿಯಲಿ, ಎಲ್ಲ ಬಿಲ್ ಒಟ್ಟಿಗೆ ಕಳಿಸಿ" ಅಂದಳು. ನಾನು ಒಂದು ಹಸಿರು ಫೈಲ್ ಮಾಡಿ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿದೆ. ಫಿಸಿಯೋಥೆರಪಿ ಮುಗಿಯುವ ಹೊತ್ತಿಗೆ ಏಳನೇ ತಿಂಗಳು ನಡೆಯುತ್ತಿತ್ತು. ಫೈಲ್ ಕಳಿಸಿದೆ. ಎರಡು ವಾರಕ್ಕೆ ಒಂದು ಹಾಳೆಯ ಉತ್ತರ ಬಂತು: ಕ್ಲೇಮ್ ತಡವಾಗಿದೆ, ಪರಿಶೀಲಿಸುವುದಿಲ್ಲ. ತಡವಾದದ್ದಕ್ಕೆ ಅನುಮತಿ ಕೇಳುವ ಅರ್ಜಿ ಅಂತ ಒಂದಿದೆ, ಒಂದು ವರ್ಷದೊಳಗೆ ಹಾಕಬಹುದು. ಹಾಕಿದೆವು. ಅದನ್ನೂ ತಿರಸ್ಕರಿಸಿದರು. ಮುಂದೆ ಕೋರ್ಟಿಗೆ ಹೋಗಿ ಬೇಡಿಕೊಳ್ಳಬಹುದಿತ್ತು. ಆದರೆ "ನನಗೆ ನಿಯಮ ಗೊತ್ತಿರಲಿಲ್ಲ" ಅನ್ನುವುದನ್ನು ಕೋರ್ಟು ಕಾರಣ ಅಂತ ಒಪ್ಪುವುದು ಕಷ್ಟ ಅಂದರು ವಕೀಲರು. ವಿಸಿಟರ್ ಇನ್ಶೂರೆನ್ಸ್ ಕೊಟ್ಟಷ್ಟು ಕೊಟ್ಟಿತು, ಉಳಿದ ನಾಲ್ಕು ಸಾವಿರ ಡಾಲರ್ ಚಿಲ್ಲರೆ ನಮ್ಮ ಜೇಬಿನಿಂದ ಹೋಯಿತು. ಆ ಹೆಂಗಸು ನನಗೆ ಸುಳ್ಳು ಹೇಳಲಿಲ್ಲ, ನೆನಪಿರಲಿ. ಗಡುವಿನ ಮಾತು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ, ಅಷ್ಟೆ.

ಹಾಗಾಗಿ ಮೊದಲು ಫೋಟೋ ತೆಗೆದು ನೋಡು. ಗುದ್ದಿದ ಗಾಡಿಯ ನಂಬರ್ ಪ್ಲೇಟಿನಲ್ಲಿ ನಂಬರಿನ ಪಕ್ಕ "ಎಕ್ಸೆಂಪ್ಟ್" ಅಂತ ಇದೆಯಾ? ಇದ್ದರೆ ಅದು ಹೆಚ್ಚುಕಡಿಮೆ ಸರ್ಕಾರಿ ಗಾಡಿಯೇ. ಬಾಗಿಲ ಮುದ್ರೆ ದೊಡ್ಡದು ಮಾಡಿ ಓದು. ಯಾವ ಊರು, ಯಾವ ಇಲಾಖೆ ಗೊತ್ತಾಗುತ್ತದೆ. ಸನ್ನಿವೇಲ್ ರಸ್ತೆಯಲ್ಲಿ ಗುದ್ದಿದ ಮಾತ್ರಕ್ಕೆ ಅದು ಸನ್ನಿವೇಲ್ ಸಿಟಿಯದ್ದೇ ಆಗಿರಬೇಕಿಲ್ಲ. ತಪ್ಪು ಕಚೇರಿಗೆ ಕ್ಲೇಮ್ ಕೊಟ್ಟು ಕೂತರೆ ಗಡಿಯಾರ ನಿಲ್ಲುವುದಿಲ್ಲ. ಪೋಸ್ಟ್ ವ್ಯಾನ್ ಆಗಿದ್ದರೆ ದಾರಿಯೇ ಬೇರೆ. ಅದು ಕೇಂದ್ರ ಸರ್ಕಾರದ್ದು, 2 ವರ್ಷದೊಳಗೆ ಇಲಾಖೆಗೆ ಕ್ಲೇಮ್ ಕೊಡಬೇಕು. ಇಲ್ಲ ಅಂತ ಲಿಖಿತವಾಗಿ ಬಂದರೆ ಅಲ್ಲಿಂದ 6 ತಿಂಗಳೊಳಗೆ ಫೆಡರಲ್ ಕೋರ್ಟಿಗೆ.

ಸಿಟಿಯದ್ದಾದರೆ ಅವರ ವೆಬ್‌ಸೈಟಿನಲ್ಲಿ ಕ್ಲೇಮ್ ಫಾರ್ಮ್ ಇರುತ್ತದೆ. ಅದು ಕೇಸಲ್ಲ, ಕೇಸಿಗೆ ಮುಂಚಿನ ಮೆಟ್ಟಿಲು. ಯಾವಾಗ, ಎಲ್ಲಿ, ಏನಾಯಿತು, ಏನು ಪೆಟ್ಟು, ಯಾವ ನೌಕರ, ಮುಖ್ಯವಾಗಿ ಇಷ್ಟು ಬರೆಯಬೇಕು. ಚಿಕಿತ್ಸೆ ಮುಗಿಯುವವರೆಗೆ ಕಾಯಬೇಡ, ನಾನು ಮಾಡಿದ ತಪ್ಪೇ ಅದು. ಉತ್ತರ ಕೊಡಲು ಅವರಿಗೆ 45 ದಿನ. ಇಲ್ಲ ಅಂತ ಪತ್ರ ಬಂದರೆ ಆ ಪತ್ರ ಕೊಟ್ಟ ಅಥವಾ ಅಂಚೆಗೆ ಹಾಕಿದ ದಿನದಿಂದ ಕೇಸು ಹಾಕಲು 6 ತಿಂಗಳು. ಲಕೋಟೆಯನ್ನೂ ಎಸೆಯಬೇಡ, ಅದರ ಮೇಲೆ ತಾರೀಕಿರುತ್ತದೆ.

ಖಾಸಗಿ ಗಾಡಿ ಅಂತಲೇ ಗೊತ್ತಾಯಿತು ಅನ್ನು. ಆಗ ಉಸಿರಾಡಲು ಸ್ವಲ್ಪ ಜಾಗವಿದೆ. ಆದರೂ ಅಡ್ಜಸ್ಟರ್ ಜೊತೆ ಮಾತುಕತೆ ನಡೀತಿದೆ ಅಂದ ಮಾತ್ರಕ್ಕೆ ಆ 2 ವರ್ಷ ನಿಲ್ಲುವುದಿಲ್ಲ. 1,800ಕ್ಕೆ ಸಹಿ ಹಾಕುವ ಕಾಗದದ ಹೆಸರು ರಿಲೀಸ್. ಹಾಕಿದರೆ ಮುಗಿಯಿತು, ನಾಳೆ ಎಂಆರ್‌ಐನಲ್ಲಿ ಡಿಸ್ಕ್ ಜರುಗಿದೆ ಅಂತ ಬಂದರೂ ಯಾರೂ ಕೇಳುವುದಿಲ್ಲ. ಅವರು ಧ್ವನಿಮುದ್ರಣ ಮಾಡ್ತೀವಿ ಅಂದರೆ ಬೇಡ ಅನ್ನು. ಎದುರು ಪಾರ್ಟಿಯ ಇನ್ಶೂರೆನ್ಸ್‌ಗೆ ಹೇಳಿಕೆ ಕೊಡುವ ಹಂಗು ನಿನಗಿಲ್ಲ. ನಿಮ್ಮ ಕಂಪನಿಗೆ ಮಾತ್ರ ಸಹಕರಿಸಬೇಕು.

ಕೇಸು ಹಾಕುವುದಾದರೂ ಇನ್ಶೂರೆನ್ಸ್ ಕಂಪನಿಯ ಮೇಲಲ್ಲ, ಗುದ್ದಿದ ಡ್ರೈವರ್ ಮತ್ತು ಮಾಲೀಕನ ಮೇಲೆ. ನಷ್ಟ 12,500 ಡಾಲರ್ ಒಳಗಿದ್ದರೆ ಸಣ್ಣ ಮೊತ್ತದ ಕೇಸುಗಳಿಗೆ ಅಂತಲೇ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ಅಲ್ಲಿ ವಕೀಲರು ನಿನ್ನ ಪರ ನಿಂತು ವಾದಿಸುವ ಹಾಗಿಲ್ಲ, ಅವರಿಗೂ ಹಾಗೇ. ಫೀಸು 30ರಿಂದ 75 ಡಾಲರ್. ಆದರೆ ಒಂದು ಕೊಕ್ಕೆ ಇದೆ: ಕೇಸು ಹಾಕಿದವರು ಸೋತರೆ ಮೇಲ್ಮನವಿ ಇಲ್ಲ. ಬಂಪರ್ ಖರ್ಚಿಗೆ ಚೆನ್ನ. ಕುತ್ತಿಗೆ ನೋವು ಎಲ್ಲಿಗೆ ಹೋಗಿ ನಿಲ್ಲುತ್ತೋ ಗೊತ್ತಿಲ್ಲದಾಗ ನಾನಾದರೆ ಹೋಗುವುದಿಲ್ಲ.

ವಕೀಲರು ಇಲ್ಲಿ ಇಂಥ ಕೇಸಿಗೆ ಮುಂಚೆ ದುಡ್ಡು ಕೇಳುವುದಿಲ್ಲ. ಬಂದದ್ದರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು, ಕೋರ್ಟಿಗೆ ಹೋದರೆ 40 ಶೇಕಡದವರೆಗೆ. ಕರಾರು ಬರಹದಲ್ಲೇ ಇರಬೇಕು, ಖರ್ಚು ಯಾರದ್ದು ಅಂತ ಓದಿಕೋ. ನಿನ್ನ ಆರೋಗ್ಯ ವಿಮೆಯವರು ಕೊಟ್ಟ ದುಡ್ಡನ್ನು ಆಮೇಲೆ ಅದರಲ್ಲೇ ವಾಪಸ್ ಕೇಳುವುದುಂಟು, ಅದನ್ನೂ ಕೇಳಿಕೋ. ಇನ್ನೊಂದು, ನೀನು ಕೇಳದೆ ತಾನಾಗಿ ಫೋನ್ ಮಾಡಿ "ನಮ್ಮ ವಕೀಲರ ಹತ್ತಿರ ಬನ್ನಿ" ಅನ್ನುವ ದಲ್ಲಾಳಿ ಸಿಕ್ಕರೆ ಇಟ್ಟುಬಿಡು. ಹಾಗೆ ಗಿರಾಕಿ ಹಿಡಿಯುವುದು ಇಲ್ಲಿ ಕಾನೂನುಬಾಹಿರ.

ಗುದ್ದಿದವನ ಇನ್ಶೂರೆನ್ಸ್ ಬಡಕಲಾಗಿರಬಹುದು. 2025ರ ಜನವರಿಯಿಂದ ಕನಿಷ್ಠ ಮಿತಿ ಒಬ್ಬರ ಪೆಟ್ಟಿಗೆ 30,000 ಡಾಲರ್, ಅದಕ್ಕೂ ಮುಂಚೆ ಬರೀ 15,000 ಇತ್ತು. ಹೆಚ್ಚಿನದಕ್ಕೆ ನಿಮ್ಮದೇ ಪಾಲಿಸಿಯ ಅನ್‌ಇನ್ಶೂರ್ಡ್ ಮೋಟರಿಸ್ಟ್ ಭಾಗ ನೋಡಿ, ಗುದ್ದಿದವನಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಅಥವಾ ಸಾಲದಿದ್ದರೆ ಬರುವುದು ಅದು. ನಿಮ್ಮ ಕಾರಿಗೆ ಇನ್ಶೂರೆನ್ಸ್ ಇತ್ತು ತಾನೆ? ಇಲ್ಲದಿದ್ದರೆ, ತಪ್ಪು ಪೂರ್ತಿ ಅವನದ್ದಾದರೂ ನಿಮ್ಮ ಕಾರಿನ ಮಾಲೀಕರಿಗೂ ಓಡಿಸುತ್ತಿದ್ದವರಿಗೂ ನೋವು ಸಂಕಟಕ್ಕೆ ಪರಿಹಾರ ಸಿಗುವುದಿಲ್ಲ. 1996ರಲ್ಲಿ ಜನ ವೋಟು ಹಾಕಿ ತಂದ ಕಾನೂನು ಅದು.

ಡಿಎಂವಿಗೆ, ಅಂದರೆ ಇಲ್ಲಿನ ಆರ್‌ಟಿಓಗೆ, ಎಸ್‌ಆರ್-1 ಅಂತ ಒಂದು ಅಪಘಾತ ವರದಿ ಫಾರ್ಮ್ ಹೋಗಬೇಕಿತ್ತು, 10 ದಿನದಲ್ಲಿ. ಪೆಟ್ಟಾಗಿದ್ದರೆ, ಅಥವಾ ಯಾರದೇ ನಷ್ಟ 1,000 ಡಾಲರ್ ದಾಟಿದ್ದರೆ ಕಡ್ಡಾಯ. ಪೊಲೀಸ್ ರಿಪೋರ್ಟ್ ಆಗಿದ್ದರೂ ಇದು ಬೇರೆ. ಇನ್ನೂ ಕಳಿಸಿಲ್ಲ ಅಂದರೆ ಇವತ್ತೇ ಕಳಿಸಿ, ಲೈಸೆನ್ಸಿಗೆ ಸಂಚಕಾರ ಬರುವುದು ಬೇಡ.

ವೀಸಾ ವಿಷಯಕ್ಕೆ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡ. ಇದು ಸಿವಿಲ್ ಕೇಸು, ನೀನು ಫಿರ್ಯಾದಿ. ಪೆಟ್ಟಾದವರ ವಲಸೆ ಸ್ಥಿತಿ ಏನು ಅಂತ ಇಂಥ ಕೇಸಿನಲ್ಲಿ ಸಾಕ್ಷ್ಯವಾಗಿ ತರುವ ಹಾಗೇ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಕಾನೂನಿದೆ.

ಮಾವನಿಗೂ ಒಂದು ಮಾತು ಹೇಳು. ಊರಿನ ಎಂವಿಸಿ ಕೇಸಿಗೆ, ಅಂದರೆ ಮೋಟಾರು ಅಪಘಾತ ಪರಿಹಾರದ ಅರ್ಜಿಗೆ, 1994ರಿಂದ ಗಡುವಿರಲಿಲ್ಲ ನಿಜ. 2019ರ ತಿದ್ದುಪಡಿಯಲ್ಲಿ ಅಲ್ಲೂ 6 ತಿಂಗಳು ಅಂತ ತಂದರು, 2022ರ ಏಪ್ರಿಲ್‌ನಿಂದ ಜಾರಿ. ಹಾಗೇ ಟೆಕ್ಸಾಸ್‌ನ ಅಣ್ಣನನ್ನೋ ನ್ಯೂಯಾರ್ಕ್‌ನ ಗೆಳತಿಯನ್ನೋ ಕೇಳಿ ತೀರ್ಮಾನ ಮಾಡಬೇಡ. ಟೆಕ್ಸಾಸ್ 2 ವರ್ಷ, ನ್ಯೂಯಾರ್ಕ್ 3, ಟೆನೆಸಿ ಒಂದೇ ವರ್ಷ. ಫ್ಲಾರಿಡಾ 4 ಇದ್ದದ್ದನ್ನು 2023ರಲ್ಲಿ 2ಕ್ಕೆ ಇಳಿಸಿತು.

ಡಾಕ್ಟರ ಹತ್ತಿರ ಹೋಗಿಲ್ಲ ಅಂತ ಬರೆದಿದ್ದೀಯ, ನಾಳೆಯೇ ಹೋಗು. ಯಾವತ್ತಿನಿಂದ ನೋವು ಅಂತ ಅವರ ದಾಖಲೆಯಲ್ಲಿ ಬರಲಿ. ಗಾಡಿ ಸಿಟಿಯದ್ದಾದರೆ ಕ್ಲೇಮ್ ಫಾರ್ಮ್ ಅನ್ನು ನೀನೇ ಸಿಟಿ ಕ್ಲರ್ಕ್ ಕಚೇರಿಗೆ ಹೋಗಿ ಕೊಡು, ನಿನ್ನ ಪ್ರತಿಯ ಮೇಲೆ ತಾರೀಕಿನ ಸೀಲು ಹಾಕಿಸಿಕೋ. ಹೋಗುವ ಮುಂಚೆ ಫೋನ್ ಮಾಡು, ಇಲ್ಲಿ ಕೆಲವು ಊರಿನ ಕಚೇರಿಗಳು ಶುಕ್ರವಾರ ಬಾಗಿಲು ಹಾಕಿರುತ್ತವೆ.