ತಾಯಿಯ ಕೆಳಗಿನ ಸೆಟ್ಟಿಗೆ ಎರಡು ದಪ್ಪ ಇಂಪ್ಲಾಂಟ್ ಹಾಕಿಸಬೇಕೋ, ನಾಲ್ಕು ಸಣ್ಣವನ್ನೋ?

ಮಾತನಾಡುವಾಗ ಕೆಳಗಿನ ಹಲ್ಲುಸೆಟ್ ಏಳುತ್ತದೆಂದು ಅಮ್ಮ ಮದುವೆಮನೆಗೂ ಬರುವುದಿಲ್ಲ ಎಂದು ಬರೆದಿದ್ದೀರಿ. ಆ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಹಲ್ಲೆಲ್ಲ ಹೋಗಿ ಸೆಟ್ ಕಟ್ಟಿಸಿಕೊಂಡೆ. ಮೇಲಿನದು ಅಂಗುಳಕ್ಕೆ ಕಚ್ಚಿಕೊಂಡು ನಿಂತಿತು. ಕೆಳಗಿನದು ನಾಲಿಗೆ ಹೊರಳಿದಾಗಲೆಲ್ಲ ತಾನೂ ಹೊರಳುತ್ತಿತ್ತು. ಶ, ಷ, ಸ ಬೇರೆ ಬೇರೆ ಎಂದು ಮಕ್ಕಳನ್ನು ತಿದ್ದುತ್ತಿದ್ದ ನನ್ನ ಬಾಯಲ್ಲೇ ಆ ಮೂರೂ ಒಂದಾಗಿಬಿಟ್ಟವು.

ಒಂಬತ್ತು ವರ್ಷ ಹಾಗೇ ತಳ್ಳಿದೆ. ಆಮೇಲೆ ವೈದ್ಯರು ಮಿನಿ ಇಂಪ್ಲಾಂಟ್ ಬಗ್ಗೆ ಹೇಳಿದರು. ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ತಿರುಪು. ಮಾಮೂಲಿ ಇಂಪ್ಲಾಂಟಿನ ದಪ್ಪ ಮೂರೂವರೆ, ನಾಲ್ಕು ಮಿಲಿಮೀಟರ್ ಇದ್ದರೆ ಇವು ಮೂರಕ್ಕಿಂತ ಕಡಿಮೆ. ಗದ್ದದ ಮೇಲ್ಭಾಗದ ಮೂಳೆಯಲ್ಲಿ ನಾಲ್ಕನ್ನು ಕೂರಿಸುತ್ತಾರೆ. ತುದಿಯಲ್ಲಿ ಪುಟ್ಟ ಗುಂಡು. ಸೆಟ್ಟಿನ ಒಳಗಿರುವ ರಬ್ಬರ್ ಉಂಗುರ ಆ ಗುಂಡನ್ನು ಹಿಡಿದುಕೊಳ್ಳುತ್ತದೆ. ಒಸಡನ್ನು ಕೊಯ್ಯದೆ ಕೆಲಸ ಮುಗಿಯಿತು, ಅದೇ ದಿನ ಸೆಟ್ ಹಾಕಿಕೊಂಡು ಮನೆಗೆ ಬಂದೆ.

ನನ್ನ ತಪ್ಪು ಇಲ್ಲಿಯೇ. ಹೊಸ ಸೆಟ್ ಮಾಡಿಸಿ ಎಂದು ವೈದ್ಯರು ಹೇಳಿದ್ದರು. ಹಳೆಯದೇ ಇರಲಿ, ಅದು ಬಾಯಿಗೆ ಒಗ್ಗಿದೆ ಎಂದು ನಾನು ಹಟ ಹಿಡಿದೆ. ಅದು ಒಗ್ಗಿರಲಿಲ್ಲ, ನಾನು ಅದಕ್ಕೆ ಒಗ್ಗಿದ್ದೆ. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷವರ್ಷವೂ ಸವೆಯುತ್ತದೆ, ಕೆಳಗಿನದು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಒಂಬತ್ತು ವರ್ಷದಲ್ಲಿ ಹಿಂಭಾಗದ ಒಸಡು ತಗ್ಗಿ, ಸೆಟ್ಟಿನ ಕೆಳಗೆ ಟೊಳ್ಳು ಬಿದ್ದಿತ್ತು. ಇಂಪ್ಲಾಂಟ್ ಇರುವುದು ಸೆಟ್ ಮೇಲೇಳದಂತೆ ಹಿಡಿಯಲು. ಜಗಿಯುವ ಭಾರವನ್ನು ಬಹುಪಾಲು ಹಿಂಭಾಗದ ಒಸಡೇ ಹೊರಬೇಕು. ನನ್ನ ಬಾಯಲ್ಲಿ ಹೊರಲು ಅಲ್ಲಿ ಏನೂ ಇರಲಿಲ್ಲ. ಪ್ರತಿ ತುತ್ತಿಗೂ ಸೆಟ್ಟು ಏತದ ಮರದಂತೆ ಹಿಂದೆ ಇಳಿಯುವುದು, ಮುಂದೆ ಏಳುವುದು. ಆ ಏತಕ್ಕೆ ನಡುವಿನ ಆಧಾರಕಂಬ ನನ್ನ ನಾಲ್ಕು ಸಣ್ಣ ಇಂಪ್ಲಾಂಟುಗಳೇ. ಬಹಳ ತಿಂಗಳು ಬಾಳಬೇಕಾದ ಉಂಗುರಗಳು ಎರಡೇ ತಿಂಗಳಲ್ಲಿ ಸಡಿಲವಾದವು. ಉಂಗುರವೇ ಕಳಪೆ ಎಂದುಕೊಂಡು ಮೂರು ಸಲ ಬದಲಿಸಿದೆ. ಒಂದು ಸಲವಾದರೂ ಸೆಟ್ಟನ್ನು ತಿರುಗಿಸಿ ನೋಡಿ ಎಂದು ಕೇಳಲಿಲ್ಲ. ಹದಿನಾಲ್ಕನೆಯ ತಿಂಗಳು ರೊಟ್ಟಿ ತಿನ್ನುವಾಗ ಒಂದು ಇಂಪ್ಲಾಂಟ್ ಗುಂಡಿನ ಕೆಳಗಿನ ಕುತ್ತಿಗೆಯಲ್ಲೇ ಮುರಿಯಿತು. ಕೆಳಗಿನ ತುಂಡನ್ನು ಮೂಳೆ ಕೊರೆದು ತೆಗೆಯುವುದಕ್ಕಿಂತ ಅಲ್ಲೇ ಬಿಡುವುದು ಮೇಲು ಎಂದರು. ಅದು ಈಗಲೂ ಅಲ್ಲಿದೆ.

ಹೊಸ ಸೆಟ್ ಕಟ್ಟಿಸಿ, ಉಳಿದ ಮೂರರ ಮೇಲೆ ಕೂರಿಸಿದರು. ಮೂರು ವರ್ಷವಾಯಿತು, ಜೋಳದ ರೊಟ್ಟಿ ತಿನ್ನುತ್ತೇನೆ, ಮೊಮ್ಮಗಳಿಗೆ ಪದ್ಯ ಓದಿ ಹೇಳುತ್ತೇನೆ.

ಆದ್ದರಿಂದ ಎರಡೋ ನಾಲ್ಕೋ ಎಂಬ ಪ್ರಶ್ನೆಯಿಂದ ಶುರುಮಾಡುವುದೇ ತಪ್ಪು ಎನ್ನುತ್ತೇನೆ. ಮೊದಲು ಸರಿಯಾದ ಹೊಸ ಸೆಟ್ ಕಟ್ಟಿಸಿ, ಒಂದೂವರೆ ತಿಂಗಳು ಹಾಕಿಕೊಳ್ಳಲಿ. ಅಷ್ಟಕ್ಕೇ ನೆಮ್ಮದಿಯಾಗುವವರೂ ಇದ್ದಾರೆ. ಆಗಲೂ ಎದ್ದರೆ ಇಂಪ್ಲಾಂಟ್ ಹಾಕಿಸಿ, ಅದೇ ಸೆಟ್ಟಿಗೆ ಉಂಗುರ ಕೂರಿಸಬಹುದು. ಮೂಳೆ ಅಗಲವಾಗಿದ್ದರೆ ಎರಡು ದಪ್ಪದವೇ ಒಳ್ಳೆಯವು, ಮೂಳೆಗೆ ಬೆಸೆಯಲು ಎರಡು ಮೂರು ತಿಂಗಳು ಕಾಯಬೇಕಾದರೂ ಸರಿ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಎರಡು ಇಂಪ್ಲಾಂಟಿನ ಮೇಲಿನ ಸೆಟ್ಟೇ ಆಗಬೇಕು ಎಂದಿದ್ದರು. ನನ್ನಂತೆ ಮೂಳೆ ಕತ್ತಿಯ ಅಂಚಿನಷ್ಟು ತೆಳುವಾಗಿ, ಬೇರೆಡೆಯಿಂದ ಮೂಳೆ ತಂದು ಸೇರಿಸುವ ಶಸ್ತ್ರಚಿಕಿತ್ಸೆ ಬೇಡವೆಂದಿದ್ದರೆ ಸಣ್ಣವು. ಸಕ್ಕರೆ ಕಾಯಿಲೆ ಇದ್ದರೆ, ಮೂಳೆ ಸವೆತದ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಮಾತ್ರೆಯೋ ಇಂಜೆಕ್ಷನ್ನೋ ನಡೆದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಅಮ್ಮನ ಬೆರಳಿಗೆ ಸಂಧಿವಾತವಿದೆಯೇ ಎಂಬುದನ್ನೂ ನೋಡಿ. ಉಂಗುರದ ಬಿಗಿಯಿಂದ ಸೆಟ್ ಕಳಚಿ, ದಿನವೂ ಆ ಗುಂಡುಗಳ ಸುತ್ತ ಬ್ರಷ್ ಮಾಡಲು ಬೆರಳಿಗೆ ಬಲ ಬೇಕು.

ಈಗಿನ ಸೆಟ್ ಕಟ್ಟಿಸಿ ಎಷ್ಟು ವರ್ಷವಾಯಿತು ಎಂಬುದನ್ನು ನೀವು ಬರೆದಿಲ್ಲ. ಇಂದೇ ಅಮ್ಮನನ್ನು ಕೇಳಿ.